ಹಡಗಿನ ಪ್ರವಾಸ: ಅಗ್ಗದ ಟಿಕೆಟ್ಟೋ, ದುಬಾರಿಯದೋ?

ಪ್ರವಾಸಿ ಹಡಗಿನ ದರವನ್ನು ಮುಖ್ಯವಾಗಿ ನಿರ್ಧರಿಸುವುದು ಕ್ಯಾಬಿನ್. ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಎಲ್ಲಕ್ಕಿಂತ ಅಗ್ಗ. ಅದಕ್ಕಿಂತ ಮೇಲೆ ಸಮುದ್ರ ಕಾಣುವ ಕಿಟಕಿಯದು, ಬಾಲ್ಕನಿಯದು, ಕೊನೆಗೆ ಸೂಟ್. ಮುಂಬೈಯಿಂದ ಗೋವಾ, ಲಕ್ಷದ್ವೀಪಗಳಿಗೆ ಹೊರಡುವ ಹಡಗಿನಲ್ಲೂ ಇದೇ ಕ್ರಮ. ಮುಖ್ಯ ಭೋಜನಶಾಲೆಯ ಊಟ, ಈಜುಕೊಳ, ಸಂಜೆಯ ಮನರಂಜನೆ ಸಾಮಾನ್ಯವಾಗಿ ಎಲ್ಲ ದರ್ಜೆಯವರಿಗೂ ಒಂದೇ. ಎರಡು ರಾತ್ರಿಯ ಪ್ರಯಾಣದಲ್ಲಿ ಕ್ಯಾಬಿನ್ ಬೇಕಾಗುವುದು ಮಲಗಲು ಮಾತ್ರ. ಅಷ್ಟಕ್ಕಾಗಿ ಬಾಲ್ಕನಿಗೆ ಹಣ ಸುರಿಯಬೇಕಿಲ್ಲ. ಅಲಾಸ್ಕಾದ ಹಿಮನದಿಗಳನ್ನು ನೋಡುತ್ತ ವಾರ ಕಳೆಯುವವರಿಗೆ, ಹೆಚ್ಚು ಓಡಾಡಲಾರದ ಹಿರಿಯರಿಗೆ ಅದೇ ಬಾಲ್ಕನಿಯಿಂದ ಕೊಟ್ಟ ಹಣಕ್ಕೆ ಮೋಸವಿಲ್ಲ.

ಜಾಹೀರಾತಿನ ದರವನ್ನು ನಂಬಿ ಕೂರುವಂತಿಲ್ಲ. ಅದು ಬಹುತೇಕ ಇಬ್ಬರು ಹಂಚಿಕೊಳ್ಳುವ ಕ್ಯಾಬಿನ್ನಿನ ತಲಾ ದರ. ಒಂಟಿ ಪ್ರಯಾಣಿಕರಿಗೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗಬಹುದು. ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಟಿಪ್ಸ್, ವೈಫೈ, ಮದ್ಯ, ದಡಕ್ಕಿಳಿದು ಊರು ಸುತ್ತುವ ಖರ್ಚು ಅನೇಕ ವೇಳೆ ಬೇರೆಯೇ. ಪ್ರೀಮಿಯಂ ಪ್ಯಾಕೇಜು ಇವುಗಳಲ್ಲಿ ಕೆಲವನ್ನು ಒಟ್ಟುಗೂಡಿಸಿ ಕೊಡುತ್ತದೆ. ಮದ್ಯ ಮುಟ್ಟದವರಿಗೆ ಅದರ ಲಾಭ ಕಡಿಮೆ. ಒಬ್ಬರು ಪಾನೀಯದ ಪ್ಯಾಕೇಜು ಕೊಂಡರೆ ಅದೇ ಕ್ಯಾಬಿನ್ನಿನ ವಯಸ್ಕರೆಲ್ಲ ಕೊಳ್ಳಬೇಕೆಂಬ ನಿಯಮವೂ ಹಲವು ಕಂಪನಿಗಳಲ್ಲಿದೆ. ಬುಕಿಂಗಿಗೆ ಮುಂಚೆಯೇ ಇದನ್ನು ಕೇಳಿಕೊಳ್ಳಬೇಕು.

ತೀರಾ ಅಗ್ಗದ ಟಿಕೆಟ್ಟಿನಲ್ಲಿ ಕ್ಯಾಬಿನ್ ಆರಿಸುವುದು ಹಲವೊಮ್ಮೆ ಕಂಪನಿಯೇ, ರದ್ದಾದರೆ ಹಣ ವಾಪಸಾಗದೆಯೂ ಇರಬಹುದು. ಹೊಟ್ಟೆ ತೊಳಸುವ ಭಯವಿದ್ದವರು ಸ್ವಲ್ಪ ಹೆಚ್ಚು ಕೊಟ್ಟಾದರೂ ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ಕ್ಯಾಬಿನ್ ಆರಿಸಿಕೊಳ್ಳುವುದು ಒಳ್ಳೆಯದು. ಓಲಾಟ ಕಡಿಮೆಯಿರುವುದು ಅಲ್ಲೇ.