ಮೀನು ಸಿಗದ ಗಂಟೆಯನ್ನೂ ಬರೆದಿಡು

ಒಂದು ಭಾನುವಾರ, ಮಾಗಡಿ ಕಡೆಯ ಒಂದು ಕೆರೆ, ಸಿಕ್ಕಿದ್ದು ಒಂದೇ ಒಂದು ಮರಲ್ ಮೀನು. ಅಷ್ಟಕ್ಕೇ ‘ತಾತ, ಹಸಿರು ಕಪ್ಪೆನೇ ಬೆಸ್ಟು, ಬೆಳ್ಳಿ ಸ್ಪೂನ್ ವೇಸ್ಟು’ ಅಂತ ತೀರ್ಪು ಕೊಟ್ಟುಬಿಟ್ಟೆಯಲ್ಲ! ನಿನ್ನನ್ನು ಗಾಳದ ಕೋಲು ಹಿಡಿಯೋಕೆ ಬಿಟ್ಟಿದ್ದೇ ತಪ್ಪು, ಹೈಕೋರ್ಟಿನಲ್ಲಿ ಕೂರಿಸಬೇಕಿತ್ತು.

ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕೈ ಚೆನ್ನಾಗಿದೆ. ಎಸೆತ ನೇರ, ಗಂಟು ಬಿಗಿ, ಬಿಸಿಲಿಗೆ ಹೆದರೋದಿಲ್ಲ. ಇಷ್ಟಿದ್ದರೆ ಮುಕ್ಕಾಲು ಗಾಳಗಾರ ಆದ ಹಾಗೇ. ಉಳಿದ ಕಾಲು ಭಾಗ ಮಾತ್ರ ಕಷ್ಟದ್ದು. ಅದು ದುಡ್ಡು ಕೊಟ್ಟರೆ ಬರಲ್ಲ, ನಿನ್ನ ಪ್ಲಾಸ್ಟಿಕ್ ಡಬ್ಬಿಯಲ್ಲೂ ಇಲ್ಲ. ಬಣ್ಣಬಣ್ಣದ ಲೂರ್, ಅಂದರೆ ರಬ್ಬರ್ ಕಪ್ಪೆ, ತಗಡಿನ ಸ್ಪೂನ್ ಥರದ ನಕಲಿ ಎರೆ, ತುಂಬಿಕೊಂಡು, ಬಸವೇಶ್ವರನಗರದ ಮನೆಗೆ ವಾರಕ್ಕೊಂದು ಪಾರ್ಸೆಲ್ ತರಿಸಿಕೊಂಡು, ಯಾವುದು ಕೆಲಸ ಮಾಡುತ್ತೆ ಯಾವುದು ಮಾಡಲ್ಲ ಅಂತ ಒಂದೇ ದಿನದಲ್ಲಿ ತಿಳಿದುಬಿಡಬೇಕು ಅಂತೀಯ. ನಿನ್ನ ಆತುರಕ್ಕೆ ಮೀನೂ ಹೊಂದಿಕೊಳ್ಳಬೇಕೇನೋ!

ಈಗ ಒಂದು ಪ್ರಶ್ನೆ, ತಡಬಡಾಯಿಸದೆ ಉತ್ತರ ಕೊಡು. ಆವತ್ತು ಹಸಿರು ಕಪ್ಪೆ ಎಷ್ಟು ಹೊತ್ತು ನೀರಿನಲ್ಲಿತ್ತು? ಸ್ಪೂನ್ ಎಷ್ಟು ಹೊತ್ತಿತ್ತು? ಗೊತ್ತಿಲ್ಲ ತಾನೆ? ನಾನು ಹೇಳ್ತೀನಿ ಕೇಳು. ಬೆಳಗಿನ ತಂಪಿನಲ್ಲಿ ನಿನಗೆ ಇಷ್ಟವಾದ ಕಪ್ಪೆಯನ್ನೇ ಕಟ್ಟಿದೆ. ಬಿಸಿಲೇರಿ ಮೀನು ಅಡಗಿ ಕೂತ ಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ ಸ್ಪೂನನ್ನು ನಾಲ್ಕು ಸಲ ಎಸೆದು ತೆಗೆದೆ. ನಂಬಿದ ಲೂರ್ ಹೆಚ್ಚು ಹೊತ್ತು ನೀರಿನಲ್ಲಿರುತ್ತೆ, ಹೆಚ್ಚು ಹೊತ್ತು ಇದ್ದದ್ದಕ್ಕೆ ಮೀನು ಬೀಳುತ್ತೆ, ಮೀನು ಬಿದ್ದಿದ್ದಕ್ಕೆ ನಂಬಿಕೆ ಇನ್ನೂ ಗಟ್ಟಿಯಾಗುತ್ತೆ. ಹೀಗೇ ಒಂದೊಂದು ಲೂರಿಗೂ ‘ಅದೃಷ್ಟದ್ದು’ ಅನ್ನೋ ಹೆಸರು ಬಂದಿರೋದು. ಗಾಳಗಾರರಲ್ಲಿ ಮುಕ್ಕಾಲು ಪಾಲು ಜನ ಸಾಯುವ ತನಕ ಈ ಸುಳಿಯಿಂದ ಆಚೆ ಬರಲ್ಲ.

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಟೂಲ್‌ರೂಮಿನಲ್ಲಿ ನಾನು ತಲೆ ನರೆಸಿಕೊಂಡೆ. ಅಲ್ಲಿ ಹೊಸ ಹುಡುಗರು ಬಂದ ಮೊದಲ ವಾರ ಒಂದೇ ತಪ್ಪು ಮಾಡುತ್ತಿದ್ದರು. ಪೀಸ್ ಸರಿ ಬರಲಿಲ್ಲ ಅಂತ ಸ್ಪೀಡು, ಫೀಡು, ಟೂಲು ಮೂರನ್ನೂ ಒಟ್ಟಿಗೆ ಬದಲಾಯಿಸೋರು. ಆಮೇಲೆ ಪೀಸ್ ಸರಿ ಬಂದರೂ ಯಾವುದರಿಂದ ಬಂತು ಅಂತ ಹೇಳೋಕೆ ಬಾಯಿ ಬರುತ್ತಿರಲಿಲ್ಲ. ನೀನು ಕೆರೆದಂಡೆಯಲ್ಲಿ ಮಾಡೋದೂ ಅದನ್ನೇ. ಬಣ್ಣ ನೋಡಬೇಕಾ? ಹಾಗಾದರೆ ತೂಕ ಅದೇ ಇರಲಿ, ಆಕಾರ ಅದೇ ಇರಲಿ, ಎಳೆಯೋ ವೇಗ ಅದೇ ಇರಲಿ. ತೂಕ ನೋಡಬೇಕಾ? ಬಣ್ಣ ಮುಟ್ಟಬೇಡ. ಏಳು ಗ್ರಾಮಿನ ಕೆಂಪನ್ನೂ ಇಪ್ಪತ್ತು ಗ್ರಾಮಿನ ಬೆಳ್ಳಿಯನ್ನೂ ಎಸೆದು ‘ಬೆಳ್ಳಿ ಬಣ್ಣ ಗೆದ್ದಿತು’ ಅಂದರೆ ಯಾರು ಕೇಳ್ತಾರೆ? ಬೆಳ್ಳಿ ದೂರ ಹೋಗಿ ಬಿತ್ತು, ಆಳಕ್ಕೆ ಇಳಿಯಿತು. ಗೆದ್ದದ್ದು ಬಣ್ಣವೋ ಆಳವೋ?

ಜಾಗದ್ದೂ ಒಂದು ಕಿತಾಪತಿ ಇದೆ. ಜೊಂಡಿನ ಪಕ್ಕ ಮೊದಲು ಬಿದ್ದ ಲೂರಿಗೆ ನೆಮ್ಮದಿಯಾಗಿರೋ ಮೀನು ಸಿಗುತ್ತೆ. ಅದೇ ಜಾಗಕ್ಕೆ ಎರಡನೆಯದು ಬೀಳುವಾಗ ಮೀನು ಆಗಲೇ ಬೆಚ್ಚಿರುತ್ತೆ. ಅದಕ್ಕೇ ಸರದಿ ಬದಲಾಯಿಸು. ಈ ಜಾಗದಲ್ಲಿ ಕಪ್ಪೆ ಮೊದಲಾದರೆ ಮುಂದಿನ ಜಾಗದಲ್ಲಿ ಸ್ಪೂನ್ ಮೊದಲು. ಗೆಳೆಯ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಅವನೊಂದು, ನೀನೊಂದು, ಅರ್ಧ ಹೊತ್ತಾದ ಮೇಲೆ ಅದಲುಬದಲು. ಯಾಕೆ ಅಂದರೆ ಅವನ ಕೈ ಬೇರೆ, ನಿನ್ನ ಕೈ ಬೇರೆ. ಇಷ್ಟೆಲ್ಲ ಮಾಡಿ ಒಂದಕ್ಕೆ ಎರಡು ಮೀನು, ಇನ್ನೊಂದಕ್ಕೆ ಒಂದು ಬಂತು ಅಂತ ಕುಣಿಯಬೇಡ. ನಾಣ್ಯ ಮೂರು ಸಲ ಚಿಮ್ಮಿದರೂ ಹಾಗೇ ಬೀಳುತ್ತೆ.

ವ್ಯಾಂಕೂವರಿನಿಂದ ನಿಮ್ಮಣ್ಣ ತಂದುಕೊಟ್ಟ ಸಾಲ್ಮನ್ ಸ್ಪೂನ್‌ಗಳನ್ನು ಮೂಲೆಗೆ ಎಸೆದಿದ್ದೀಯಂತೆ, ‘ದೂರ ಹೋಗಲ್ಲ, ಗಾಳಿಗೆ ಎಲೆ ಥರ ತೇಲುತ್ತೆ’ ಅಂತ. ಅಯ್ಯೋ ದಡ್ಡ, ಅದು ಕೈಯಿಂದ ಎಸೆಯೋ ಸಾಮಾನಲ್ಲ. ದೋಣಿಯ ಹಿಂದೆ ಭಾರ ಕಟ್ಟಿ ಆಳದಲ್ಲಿ ಎಳೆದುಕೊಂಡು ಹೋಗೋದಕ್ಕೆ ಅಂತಲೇ ತಗಡನ್ನು ಅಷ್ಟು ತೆಳ್ಳಗೆ ಮಾಡಿರುತ್ತಾರೆ. ತೆಳು ಸ್ಪೂನ್ ನಿಧಾನ ಎಳೆದರೂ ಒದ್ದಾಡುತ್ತೆ. ದಪ್ಪದ್ದು ದೂರ ಹಾರುತ್ತೆ, ಆದರೆ ನಿಧಾನಕ್ಕೆ ಎಳೆದರೆ ಜೀವವಿಲ್ಲದೆ ಬರುತ್ತೆ. ಆ ಊರಿನ ಮೀನಿನ ಸ್ವಭಾವವೂ ಬೇರೆ. ಸಮುದ್ರದಿಂದ ಹೊಳೆಗೆ ಮೊಟ್ಟೆ ಇಡಲು ಏರಿ ಬರುವ ಸಾಲ್ಮನ್ ಊಟವನ್ನೇ ಬಿಟ್ಟಿರುತ್ತೆ. ಆದರೂ ಮೂತಿಯ ಮುಂದೆ ಹೊಳೆಯೋ ತಗಡು ಹಾದರೆ ರೇಗಿ ಕಚ್ಚುತ್ತೆ. ಹಸಿದ ಮೀನಿಗೆ ಯಾವ ಲೂರ್ ರುಚಿ ಅಂತ ಕೇಳಬಹುದು. ಹಸಿವೇ ಇಲ್ಲದ್ದಕ್ಕೆ ಏನು ಕೇಳ್ತೀಯ? ಅಲ್ಲಿನವರು ಲೂರುಗಳ ವಿಷಯಕ್ಕೆ ತಲೆತಲಾಂತರದಿಂದ ಜಗಳ ಆಡಿಕೊಂಡೇ ಇರೋದು ಸುಮ್ಮನೆ ಅಲ್ಲ.

ನಮ್ಮ ಕಡೆಗೆ ಬಾ. ಲೂರ್ ಪರೀಕ್ಷೆ ಮಾಡೋಕೆ ಮುಂಚೆ ಕೆರೆಯಲ್ಲಿ ಯಾವ ಮೀನಿದೆ ಅಂತ ತಿಳಕೋ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಬಾಯಿ ತೆರೆದುಕೊಂಡು ಕಣ್ಣಿಗೆ ಕಾಣದ ಜೀವಿಗಳನ್ನು ಸೋಸಿ ತಿನ್ನೋ ಮೀನು. ರೋಹು ಪಾಚಿ, ಸೊಪ್ಪು ಮೇಯುತ್ತೆ. ಅವೇ ತುಂಬಿರೋ ಕೆರೆಯಲ್ಲಿ ಎಂಟುನೂರು ರೂಪಾಯಿಯ ಲೂರ್ ಎಸೆದು ‘ಇದು ಡುಬಾಕ್’ ಅಂದರೆ, ಡುಬಾಕ್ ಯಾರು? ಮರಲ್ ಬೇಟೆಗಾರ. ಗಾಳಿ ಕುಡಿಯೋಕೆ ಆಗಾಗ ಮೇಲೆ ಬರಲೇಬೇಕು, ಜೊಂಡಿನ ಸಂದಿಯಲ್ಲಿ ಹೊಂಚು ಹಾಕುತ್ತೆ. ಅದಕ್ಕೇ ರಬ್ಬರ್ ಕಪ್ಪೆಗೆ ಬಿತ್ತು. ಅದು ಕೆಳಗಿನಿಂದ ಮೇಲೆ ನೋಡುವಾಗ ಆಕಾಶದ ಬೆಳಕಿಗೆ ಕಪ್ಪೆಯ ಹೊಟ್ಟೆ ಕರ್ರಗೆ ಕಾಣುತ್ತೆ. ನೀನು ಬೆನ್ನ ಮೇಲಿನ ಹಸಿರಿಗೆ ಕೊಟ್ಟ ದುಡ್ಡು ನಿನ್ನ ಕಣ್ಣಿಗಷ್ಟೇ ಸಂದಿದ್ದು. ಇನ್ನೊಂದು ಮಾತು, ನಡುವೆ ನೆನಪಾಯಿತು. ಕೆಂಪು ಮರಿಗಳ ಹಿಂಡು ನೀರಿನ ಮೇಲೆ ಕುದಿಯುತ್ತಿದ್ದರೆ ಅಲ್ಲಿ ತಾಯಿ ತಂದೆ ಮರಲ್ ಕಾವಲಿರುತ್ತೆ. ಏನು ಎಸೆದರೂ ಕಚ್ಚುತ್ತೆ. ಅದು ಲೂರಿನ ಪರೀಕ್ಷೆಯೂ ಅಲ್ಲ, ಗಂಡಸುತನವೂ ಅಲ್ಲ. ಆ ಕಡೆ ಹೋಗಬೇಡ.

ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲ ಮೇಲೆ ಸೆಲ್ಫಿ ಹೊಡೆದುಕೊಂಡು ಎದ್ದು ಬರ್ತೀಯಲ್ಲ, ಮುಂದಿನ ಸಲ ಅರ್ಧ ಗಂಟೆ ಕೂತು ನೋಡು. ಅಲ್ಲಿ ಮಂಡಕ್ಕಿಗೆ ಮುತ್ತೋದು ಮಹಶೀರ್. ದೊಡ್ಡದು ಹೇಗೆ ಹಿಂದೆ ನಿಲ್ಲುತ್ತೆ, ಚಿಕ್ಕದು ಹೇಗೆ ನುಗ್ಗುತ್ತೆ, ಬಾಯೊಳಗೆ ಎಳಕೊಂಡು ಹೇಗೆ ಉಗುಳುತ್ತೆ, ಎಲ್ಲ ಕಣ್ಣಾರೆ ಕಾಣುತ್ತೆ. ದೇವರ ಮೀನು, ಗಾಳದ ಕೋಲು ಮನೆಯಲ್ಲೇ ಇರಲಿ.

ಈ ಮಹಶೀರನ್ನು ಸಾಲ್ಮನ್ನಿಗೆ ಹೋಲಿಸಿ ನೋಡಿದವರು ಹಿಂದೆಯೇ ಇದ್ದರು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಅನ್ನೋ ಬ್ರಿಟಿಷ್ ಅಧಿಕಾರಿ 1873ರಲ್ಲೇ ‘ದಿ ರಾಡ್ ಇನ್ ಇಂಡಿಯಾ’ ಅಂತ ಪುಸ್ತಕ ಬರೆದು, ಗಾತ್ರಕ್ಕೆ ಗಾತ್ರ ನೋಡಿದರೆ ಸಾಲ್ಮನ್ನಿಗಿಂತ ಮಹಶೀರೇ ಗಟ್ಟಿ ಅಂದಿದ್ದ. ಮಹಶೀರಿಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಆ ಬಾಯಿ ಅಮುಕಿದರೆ ಸಾಮಾನ್ಯ ಕೊಕ್ಕೆ ಚಪ್ಪಟೆ. 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಹತ್ತಿರಹತ್ತಿರ 54 ಕೆಜಿ. ಇಷ್ಟು ದೊಡ್ಡ ಮೀನಿಗೆ ಕಾವೇರಿ ದಂಡೆಯ ಭೀಮೇಶ್ವರಿ, ಗಾಳಿಬೋರೆ ಕಡೆ ಗಾಳದ ತುದಿಗೆ ಏನು ಕಟ್ಟುತ್ತಿದ್ದರು ಗೊತ್ತಾ? ರಾಗಿ ಮುದ್ದೆ! ಹಿಟ್ಟು ನಾದಿ, ಉಂಡೆ ಕಟ್ಟಿ, ಬೇಯಿಸಿ ಗಟ್ಟಿ ಮಾಡಿದ್ದು. ಚಿಲ್ಲರೆ ಮೀನು ಕೆರೆಯೋಕೆ ಆಗಬಾರದು, ದೊಡ್ಡದು ಬಂದು ನುಂಗಬೇಕು. ವಿಲಾಯತಿಯಿಂದ ಸ್ಪೂನು, ಮೀನಿನ ಆಕಾರದ ಪ್ಲಗ್ಗು ಎಲ್ಲ ಹೊತ್ತು ತಂದವರೂ ಕೊನೆಗೆ ಹೊಳೆದಂಡೆಯ ಹಳ್ಳಿಯವರ ಮುದ್ದೆಗೆ ಕೈ ಒಡ್ಡುತ್ತಿದ್ದರು. ನೀನು ಮನೆಯಲ್ಲಿ ಮುದ್ದೆ ಬೇಡ ಅಂತ ಮೂತಿ ತಿರುಗಿಸೋನು.

ಈಗ ನಾನು ಹೇಳಬೇಕಾದ್ದಕ್ಕೆ ಬಂದೆ. ಗಾಳಿಬೋರೆ ಕ್ಯಾಂಪಿನಲ್ಲಿ ಗಾಳ ಹಾಕಿದವರೆಲ್ಲ ಒಂದು ಪುಸ್ತಕದಲ್ಲಿ ಬರೆದು ಹೋಗಬೇಕಿತ್ತು. ಎಷ್ಟು ಗಂಟೆ ಹಾಕಿದಿರಿ, ಎಷ್ಟು ಮೀನು ಬಂತು, ಎಂಥದ್ದು, ಎಷ್ಟು ತೂಕ. ತೂಗಿ, ಮತ್ತೆ ಹೊಳೆಗೇ ಬಿಡೋದು. 1998ರಿಂದ 2012ರ ವರೆಗಿನ ಆ ಪುಸ್ತಕಗಳನ್ನು ಮೀನು ವಿಜ್ಞಾನಿಗಳು ಕೂತು ಲೆಕ್ಕ ಹಾಕಿದರು. 23,620 ಗಂಟೆ, 6,161 ಮಹಶೀರ್, ಒಂದು ಕೆಜಿಯಿಂದ 46.8 ಕೆಜಿ ತನಕ. ಗಂಟೆಗೆ ಸಿಗೋ ಮೀನು ವರ್ಷ ಕಳೆದಂತೆ ಜಾಸ್ತಿಯಾಗಿತ್ತು, ಸರಾಸರಿ ತೂಕ ಮಾತ್ರ ಇಳಿದಿತ್ತು. ಮೀನು ಹಿಡಿದವರಿಗೆ ಬರೀ ಖುಷಿ, ಎಷ್ಟೊಂದು ಮೀನು ಅಂತ. ಪುಸ್ತಕ ಬೇರೆ ಕಥೆ ಹೇಳಿತು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಾ ಹೋಗಿತ್ತು. ಬೆನ್ನಲ್ಲಿ ಡುಬ್ಬ, ಕಿತ್ತಳೆ ಬಣ್ಣದ ರೆಕ್ಕೆ ಇರೋ ನಮ್ಮ ಕಾವೇರಿಯದೇ ಮೀನು ಕರಗುತ್ತಾ ಬಂದಿತ್ತು. ಜಗತ್ತಿನಲ್ಲಿ ಕಾವೇರಿ ಸೀಮೆ ಬಿಟ್ಟು ಬೇರೆಲ್ಲೂ ಇಲ್ಲದ ಮೀನು ಅದು. ಅದರ ವೈಜ್ಞಾನಿಕ ಹೆಸರು ಟೋರ್ ರೆಮಾದೇವಿ ಅಂತ ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೂ ಸೇರಿತು.

ಯೋಚನೆ ಮಾಡು. ಇಂಥ ಸುದ್ದಿ ಹೊರಬಿದ್ದದ್ದು ಹಿಡಿದ ಮೀನಿನ ಫೋಟೋದಿಂದಲ್ಲ. ಫೋಟೋ ಎಲ್ಲರ ಹತ್ತಿರವೂ ಇತ್ತು. ಇಡೀ ಬೆಳಗ್ಗೆ ಕೂತು ಬರಿಗೈಲಿ ಎದ್ದವನು ‘ಇಷ್ಟು ಗಂಟೆ, ಸೊನ್ನೆ’ ಅಂತ ಬರೆದನಲ್ಲ, ಆ ಸೊನ್ನೆಯೂ ಸೇರಿದ್ದಕ್ಕೆ ಲೆಕ್ಕ ಲೆಕ್ಕವಾಯಿತು. ನಿನ್ನ ಫೋನಿನಲ್ಲಿ ಮೀನು ಎತ್ತಿ ಹಿಡಿದ ಫೋಟೋ ರಾಶಿ ಇದೆ. ಖಾಲಿ ಕೈಯ ಫೋಟೋ ಒಂದಾದರೂ ಇದೆಯೇನೋ?

ಗಾಳಿಬೋರೆಗೆ ಹೋಗ್ತೀನಿ ಅಂತ ಹೊರಡಬೇಡ. ಅದು ಕಾವೇರಿ ವನ್ಯಜೀವಿಧಾಮ, ಅಲ್ಲಿನ ಗಾಳ ನಿಂತುಹೋಗಿದೆ. ಆದರೆ ಆ ಹೊಳೆಗೂ ನಮಗೂ ಸಂಬಂಧವಿಲ್ಲ ಅಂದುಕೊಳ್ಳಬೇಡ. ರಾಜಾಜಿನಗರ, ವಿಜಯನಗರದ ನಮ್ಮ ಬಚ್ಚಲ ನೀರು ವೃಷಭಾವತಿಗೆ ಸೇರಿ, ಕೆಂಗೇರಿ ದಾಟಿ, ಬೈರಮಂಗಲ ಕೆರೆ ತುಂಬಿ, ಅರ್ಕಾವತಿಗೆ ಬಿದ್ದು, ಸಂಗಮದಲ್ಲಿ ಕಾವೇರಿಗೇ ಹೋಗೋದು. ಗಾಳಿಬೋರೆ ಇರೋದೂ ಆ ಸಂಗಮದ ಕಡೆಗೇ. ಮೈಸೂರು ರಸ್ತೆಯಲ್ಲಿ ಬೈಕ್ ಓಡಿಸುವಾಗ ಮೂಗು ಮುಚ್ಚಿಕೊಳ್ತೀಯಲ್ಲ, ಮೀನಿಗೆ ಆ ಭಾಗ್ಯವೂ ಇಲ್ಲ.

ಸರಿ, ಮುಂದಿನ ಭಾನುವಾರಕ್ಕೆ ತಯಾರಾಗು. ಶನಿವಾರ ರಾತ್ರಿ ಬಟ್ಟೆ ನೆನೆಸೋ ಟಬ್ಬಿನಲ್ಲಿ ಒಂದೊಂದೇ ಲೂರ್ ಬಿಟ್ಟು ನೋಡು, ತೇಲೋದು ಯಾವುದು, ಮುಳುಗೋದು ಯಾವುದು, ಮೂತಿ ಕೆಳಗೋ ಬಾಲ ಕೆಳಗೋ. ಸಂಪಿನಲ್ಲಿ ಹಾಕಿದರೆ ನಿಮ್ಮಜ್ಜಿ ಇಬ್ಬರನ್ನೂ ಮನೆಯಿಂದ ಆಚೆ ಹಾಕ್ತಾಳೆ. ಪ್ಲಗ್ ಎಡಕ್ಕೆ ಎಳೆಯುತ್ತಿದ್ದರೆ ಮುಂದಿನ ಕಣ್ಣಿಯನ್ನು ಇಕ್ಕಳದಲ್ಲಿ ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸು. ಅಷ್ಟೂ ಮಾಡದೆ ಲೂರನ್ನು ಬೈಯಬೇಡ. ಮಂಕಾದ ಹಿತ್ತಾಳೆ ಸ್ಪೂನ್ ಇದ್ದರೆ ಕಾಮಾಕ್ಷಿಪಾಳ್ಯದ ಯಾವುದಾದರೂ ಪಾಲಿಶ್ ಅಂಗಡಿಗೆ ಕೊಡು, ಹೊಸದರ ಬೆಲೆ ಉಳಿಯುತ್ತೆ. ಒಂದನ್ನು ಪಾಲಿಶ್ ಮಾಡಿಸಿ, ಅದರ ಜೋಡಿಯನ್ನು ಮಂಕಾಗಿಯೇ ಇಟ್ಟುಕೋ. ತೂಕ ಒಂದೇ, ಆಕಾರ ಒಂದೇ, ಹೊಳಪು ಮಾತ್ರ ಬೇರೆ. ಇದಕ್ಕಿಂತ ಒಳ್ಳೆ ಪರೀಕ್ಷೆ ಯಾವ ಕಂಪನಿಯ ಡಬ್ಬಿಯಲ್ಲೂ ಸಿಗಲ್ಲ. ಕೊಕ್ಕೆಯ ಮುಳ್ಳನ್ನು ಒತ್ತಿ ಮಟ್ಟ ಮಾಡು. ಬಿಟ್ಟುಬಿಡೋ ಮೀನಿಗೂ ಸುಖ, ನಿನ್ನ ಬೆರಳಿಗೆ ಚುಚ್ಚಿದರೆ ಕ್ಲಿನಿಕ್ಕಿಗೆ ಓಡೋದೂ ತಪ್ಪುತ್ತೆ.

ಕೆರೆಯ ಮೀನು ಗುತ್ತಿಗೆ ಹಿಡಿದವರು ಯಾರು ಅಂತ ವಿಚಾರಿಸಿ, ಕೇಳಿಕೊಂಡು ಕೂರು. ಅವರು ಮರಿ ಬಿಟ್ಟು ಬಂಡವಾಳ ಹಾಕಿರುತ್ತಾರೆ. ಬೇಡ ಅಂದರೆ ವಾದ ಮಾಡದೆ ಎದ್ದು ಬಾ. ತುಂಡಾದ ನೈಲಾನ್ ದಾರ ಒಂದು ಗೇಣೂ ದಂಡೆಯಲ್ಲಿ ಬಿಡಬೇಡ, ನೀರುಕಾಗೆಯ ಕಾಲಿಗೆ ಸುತ್ತಿಕೊಳ್ಳುತ್ತೆ.

ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ಕು, ಪೆನ್ಸಿಲ್ಲು. ಪೆನ್ನು ಬೇಡ, ನೀರು ಬಿದ್ದರೆ ಅಳಿಸಿಹೋಗುತ್ತೆ. ಆ್ಯಪು ಬೇಡ, ಫೋನ್ ತೆಗೆದರೆ ನೀನು ಬೇರೆ ಲೋಕಕ್ಕೆ ಹೋಗ್ತೀಯ. ಕೆರೆ, ಹೊತ್ತು, ನೀರು ತಿಳಿಯೋ ಕದಡೋ, ಯಾವ ಲೂರ್, ಎಷ್ಟು ನಿಮಿಷ, ಏನು ಬಂತು. ಏನೂ ಬರದಿದ್ದರೆ ಆ ಜಾಗ ಖಾಲಿ ಬಿಡೋದಲ್ಲ, ಸೊನ್ನೆ ಅಂತ ದುಂಡಗೆ ಬರಿ. ಪುಟ ತುಂಬಿದ ಮೇಲೆ ನನಗೆ ತಂದು ತೋರಿಸು. ಅಲ್ಲಿಯ ತನಕ ಹೊಸ ಲೂರಿನ ಪಾರ್ಸೆಲ್ ಬಂದರೆ ನಾನೇ ಸಹಿ ಹಾಕಿ ಇಸ್ಕೊಂಡು ಬೀರುವಿಗೆ ಹಾಕಿ ಬೀಗ ಹಾಕ್ತೀನಿ, ಬೀಗದ ಕೈ ನಿಮ್ಮಜ್ಜಿಯ ಸೊಂಟದಲ್ಲಿರುತ್ತೆ.