ಲೈಟು ಹತ್ತದಿದ್ದರೆ ಕಂಪ್ಯೂಟರನ್ನು ಬೈಯಬೇಡಿ

ಚೌತಿ ಹತ್ತಿರ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಗಲ್ಲಿಗಲ್ಲಿಗಳಲ್ಲಿ ಪೆಂಡಾಲು ಏಳುತ್ತವೆ. ‘ರಾಣೆಬೆನ್ನೂರು ಕಾ ರಾಜಾ’ ಗಣಪನನ್ನು ನೋಡಲು ಸುತ್ತಲಿನ ಊರಿನವರು ಗಾಡಿ ಮಾಡಿಕೊಂಡು ಬರುತ್ತಾರೆ. ಅಲ್ಲಿನ ಬೆಳಕಿನ ಆಟ ನೋಡಿ ಬಂದ ನಿಮಗೆ ನಮ್ಮ ಗಲ್ಲಿಯ ಗಣಪನ ಮುಂದೆಯೂ ಹಾಗೇ ಬೆಳಕು ಕುಣಿಯಲಿ ಎಂಬ ಆಸೆ. ಆಸೆ ತಪ್ಪಲ್ಲ. ಮೊದಲಾದರೆ ಸೀರಿಯಲ್ ಸೆಟ್ ಇಳಿಬಿಟ್ಟು ಸ್ವಿಚ್ ಒತ್ತಿದರೆ ಮುಗಿಯುತ್ತಿತ್ತು. ಈಗ ಪಿಕ್ಸೆಲ್ ಲೈಟು, ಅದನ್ನು ಆಡಿಸಲು ಕಂಟ್ರೋಲರ್, ಕಂಟ್ರೋಲರಿಗೆ ಅಪ್ಪಣೆ ಕೊಡಲು ಕಂಪ್ಯೂಟರ್. ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಆ ಕಂಪ್ಯೂಟರು ‘ಕಂಟ್ರೋಲರ್ ಕಾಣಿಸುತ್ತಿಲ್ಲ’ ಎನ್ನುತ್ತದೆ. ಆಗ ಶುರುವಾಗುತ್ತದೆ ನಿಮ್ಮ ಓಡಾಟ.

ನಿಮ್ಮ ಮೇಲೆ ನನಗಿರುವ ದೊಡ್ಡ ತಕರಾರು ಇದು: ತಪ್ಪು ಎಲ್ಲಿದೆ ಎಂದು ನೋಡುವ ಮೊದಲೇ ಸಾಮಾನು ಬದಲಿಸಲು ಹೊರಡುತ್ತೀರಿ. ಹಾವೇರಿಯವರು ಹುಬ್ಬಳ್ಳಿಗೆ, ರಾಣೆಬೆನ್ನೂರಿನವರು ದಾವಣಗೆರೆಗೆ ಬೈಕ್ ಹತ್ತಿ ಹೊಸ ಕಂಟ್ರೋಲರ್ ತರುತ್ತೀರಿ. ಅದೂ ಹತ್ತುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಪಟ್ಟಿ ಎತ್ತಿ ಕೂಡಿಸಿದ ದುಡ್ಡು ಅದು, ನೆನಪಿರಲಿ.

ಮೊದಲು ಜಗಳವನ್ನು ಎರಡು ಪಾಲು ಮಾಡಿ. ಕಂಪ್ಯೂಟರಿನಿಂದ ಕಂಟ್ರೋಲರಿನವರೆಗೆ ಒಂದು ದಾರಿ, ಕಂಟ್ರೋಲರಿನಿಂದ ಲೈಟಿನವರೆಗೆ ಇನ್ನೊಂದು. ಬಹಳಷ್ಟು ಕಂಟ್ರೋಲರುಗಳಲ್ಲಿ ಟೆಸ್ಟ್ ಬಟನ್ ಇರುತ್ತದೆ. ಕಂಪ್ಯೂಟರಿನ ವೈರು ಬಿಚ್ಚಿಟ್ಟು ಅದನ್ನು ಒತ್ತಿ. ಲೈಟು ಕೆಂಪು, ಹಸಿರು, ನೀಲಿ ಎಂದು ಸರಿಯಾಗಿ ಹತ್ತಿದರೆ ಲೈಟಿನ ಕಡೆ ತಪ್ಪಿಲ್ಲ, ಏಣಿ ಹತ್ತಿ ಪೆಂಡಾಲಿನ ವೈರು ಎಳೆಯಬೇಡಿ. ಹತ್ತದಿದ್ದರೆ ಕಂಪ್ಯೂಟರಿನ ಸೆಟ್ಟಿಂಗ್ ಮುಟ್ಟಬೇಡಿ. ಇಷ್ಟು ಮಾಡಿದರೆ ಅರ್ಧ ರಾತ್ರಿಯ ನಿದ್ದೆ ಉಳಿಯುತ್ತದೆ.

ಈಗ ಕಂಪ್ಯೂಟರಿನ ಕಡೆಯ ದಾರಿ. ಯುಎಸ್‌ಬಿ ಕೇಬಲ್ಲಿನ ಕಂಟ್ರೋಲರ್ ಆದರೆ ಮೊದಲು ಕೇಬಲ್ಲನ್ನೇ ಅನುಮಾನಿಸಿ. ಮೊಬೈಲ್ ಚಾರ್ಜರಿನ ಜೊತೆ ಬಂದ ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಕರೆಂಟಿನ ಎಳೆ ಮಾತ್ರ ಇರುತ್ತದೆ, ಮಾಹಿತಿ ಸಾಗಿಸುವ ಎಳೆಯೇ ಇರುವುದಿಲ್ಲ. ಕಂಟ್ರೋಲರಿನ ಕೆಂಪು ದೀಪ ಹತ್ತುತ್ತದೆ, ನೀವು ಕೇಬಲ್ ಸರಿಯಿದೆ ಎಂದು ನಂಬುತ್ತೀರಿ. ಇನ್ನು ಉದ್ದದ ಮಾತು. ಯುಎಸ್‌ಬಿ ಕೇಬಲ್ 5 ಮೀಟರ್ ದಾಟಬಾರದು. ಕಂಪ್ಯೂಟರನ್ನು ರಸ್ತೆಯಾಚೆ ಅಂಗಡಿಯೊಳಗೆ ಇಟ್ಟು, ಕಂಟ್ರೋಲರನ್ನು ಗಣಪನ ಹಿಂದೆ ಇಟ್ಟು, ನಡುವೆ ಮೂರು ಕೇಬಲ್ ಗಂಟು ಹಾಕಿದರೆ ಅದು ಹೇಗೆ ಮಾತಾಡೀತು? ಅಷ್ಟು ದೂರ ಬೇಕೆಂದರೆ ನೆಟ್‌ವರ್ಕ್ ಕೇಬಲ್ಲಿನ ಕಂಟ್ರೋಲರ್ ತನ್ನಿ, ಅದು 100 ಮೀಟರ್ ತನಕ ತಡೆಯುತ್ತದೆ.

ಕೇಬಲ್ ಸರಿಯಿದ್ದರೆ ಡಿವೈಸ್ ಮ್ಯಾನೇಜರ್ ತೆಗೆದು ನೋಡಿ. ಅಲ್ಲಿ ಹಳದಿ ಗುರುತು ಇದ್ದರೆ ಬಹುಶಃ ಡ್ರೈವರ್ ಇಲ್ಲ, ಹಾಕಿಕೊಳ್ಳಿ. ಗುರುತು ಇಲ್ಲದಿದ್ದರೆ ಅಲ್ಲಿರುವ ಕಾಮ್ ಪೋರ್ಟ್ ನಂಬರನ್ನೂ ಸಾಫ್ಟ್‌ವೇರಿನಲ್ಲಿ ನೀವು ಆರಿಸಿದ ನಂಬರನ್ನೂ ಹೋಲಿಸಿ. ನಿನ್ನೆ ಎಡಗಡೆಯ ತೂತಿಗೆ ಚುಚ್ಚಿದ್ದನ್ನು ಇವತ್ತು ಬಲಗಡೆಗೆ ಚುಚ್ಚಿದರೆ ಆ ನಂಬರು ಬದಲಾಗಬಹುದು. ಒಂದೇ ತೂತಿಗೆ ಚುಚ್ಚಿ, ಪಕ್ಕದಲ್ಲಿ ಟೇಪ್ ಅಂಟಿಸಿ ಬರೆದಿಡಿ. ಬ್ಯಾಡಗಿಯವರಿಗೆ ಇನ್ನೊಂದು ಮಾತು: ಮೆಣಸಿನಕಾಯಿ ಅಂಗಡಿಯ ಕಂಪ್ಯೂಟರನ್ನು ಹಬ್ಬಕ್ಕೆಂದು ಹೊತ್ತು ತಂದಿದ್ದರೆ ಆ ತೂತುಗಳನ್ನು ಬ್ಯಾಟರಿ ಬೆಳಕಿನಲ್ಲಿ ಇಣುಕಿ ನೋಡಿ. ಕೆಂಪು ಧೂಳು ಕೂತಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಒಣಗಿದ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲು ಒಳಗೆ ಹೋಗುತ್ತದೆ, ಖಾರ ಕಣ್ಣಿಗೆ ಬರುತ್ತದೆ.

ನೆಟ್‌ವರ್ಕ್ ಕೇಬಲ್ಲಿನವರು ಎಡವುವುದು ಐಪಿ ವಿಳಾಸದಲ್ಲಿ. ಕಂಟ್ರೋಲರ್ 192.168.1.50 ಆಗಿದ್ದರೆ ಕಂಪ್ಯೂಟರಿಗೆ 192.168.1.10 ಕೊಡಿ, ಸಬ್‌ನೆಟ್ ಮಾಸ್ಕ್ 255.255.255.0 ಇರಲಿ. ಮೊದಲ ಮೂರು ಸಂಖ್ಯೆ ಒಂದೇ, ಕೊನೆಯದು ಮಾತ್ರ ಬೇರೆ. ಕಂಪ್ಯೂಟರು 169.254 ಎಂದು ಶುರುವಾಗುವ ವಿಳಾಸ ತೋರಿಸಿದರೆ ಅದಕ್ಕೆ ಯಾರೂ ವಿಳಾಸ ಕೊಟ್ಟಿಲ್ಲವೆಂದು ತಿಳಿಯಿರಿ. ನಡುವೆ ರೂಟರ್ ಇಲ್ಲದಿದ್ದರೆ ನೀವೇ ಕೈಯಾರೆ ಬರೆಯಬೇಕು. ಆಮೇಲೆ ಕಂಪ್ಯೂಟರಿನಿಂದ ಕಂಟ್ರೋಲರಿನ ವಿಳಾಸಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ದಾರಿ ಸರಿಯಿದೆ, ಸಾಫ್ಟ್‌ವೇರಿನಲ್ಲಿ ಹುಡುಕಿ.

ಮೊಬೈಲ್ ಹಾಟ್‌ಸ್ಪಾಟಿನಿಂದ ಹಾಡು ಇಳಿಸಿಕೊಳ್ಳುತ್ತ ಅದೇ ಕಂಪ್ಯೂಟರಿನಲ್ಲಿ ಲೈಟು ಆಡಿಸುವ ಚಾಳಿ ಬಿಡಿ. ಲೈಟಿಗೆ ಹೋಗಬೇಕಾದ ಮಾಹಿತಿ ವೈಫೈ ಕಡೆ ಹೊರಟುಬಿಡುವುದುಂಟು. ವೈಫೈ ಬಂದ್ ಮಾಡಿಯೇ ಲೈಟು ಹಚ್ಚಿ. ಸಾಫ್ಟ್‌ವೇರ್ ಮೊದಲ ಸಲ ತೆರೆದಾಗ ಫೈರ್‌ವಾಲ್ ಒಂದು ಪ್ರಶ್ನೆ ಕೇಳುತ್ತದಲ್ಲ, ಅದನ್ನು ಓದದೆ ಕ್ಯಾನ್ಸಲ್ ಒತ್ತಿರುತ್ತೀರಿ. ಒಪ್ಪಿಗೆ ಕೊಡಬೇಕಿತ್ತು. ಈಗಲೂ ಕೊಡಬಹುದು. ಕಂಪ್ಯೂಟರ್ ನಿದ್ದೆಗೆ ಜಾರುವ ಸೆಟ್ಟಿಂಗನ್ನೂ ಹಬ್ಬ ಮುಗಿಯುವವರೆಗೆ ತೆಗೆದುಬಿಡಿ.

ಇನ್ನೊಂದು ಬಗೆಯ ಕಾಟವಿದೆ, ಅದು ಕಂಪ್ಯೂಟರಿನದೆಂದು ಕಾಣುತ್ತದೆ, ಆದರೆ ಅಲ್ಲ. ಬಣ್ಣದ ಆಟ ಚೆನ್ನಾಗಿ ನಡೆದು, ಎಲ್ಲ ಲೈಟೂ ಒಮ್ಮೆಗೇ ಬಿಳಿಯಾದ ಕೂಡಲೇ ಸಂಪರ್ಕ ಕಡಿಯುತ್ತದೆ. 5 ವೋಲ್ಟಿನ ಒಂದು ಪಿಕ್ಸೆಲ್ ಪೂರ್ತಿ ಬಿಳಿಯಾದರೆ ಸುಮಾರು 60 ಮಿಲಿಆಂಪಿಯರ್ ಎಳೆಯಬಹುದು. ನೂರು ಪಿಕ್ಸೆಲ್ಲಿಗೆ 6 ಆಂಪಿಯರ್. ಕಂಟ್ರೋಲರಿಗೂ ಲೈಟಿಗೂ ಒಂದೇ ಚಿಕ್ಕ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಹಾಕಿದ್ದರೆ ವೋಲ್ಟೇಜ್ ಕುಸಿದು ಕಂಟ್ರೋಲರ್ ಬಂದ್ ಆಗಿ ಮತ್ತೆ ಶುರುವಾಗುತ್ತದೆ. ಕಂಟ್ರೋಲರಿಗೆ ಬೇರೆ ಸಪ್ಲೈ ಕೊಡಿ, ಎರಡರ ಗ್ರೌಂಡ್ ವೈರು ಮಾತ್ರ ಕೂಡಿಸಿ. ಗ್ರೌಂಡ್ ಕೂಡಿಸದಿದ್ದರೆ ಲೈಟು ಹುಚ್ಚುಹುಚ್ಚಾಗಿ ಮಿಣುಕುತ್ತದೆ. ಪಿಕ್ಸೆಲ್ ಸರದಲ್ಲಿ ಬಾಣದ ಗುರುತು ನೋಡಿ. ಮಾಹಿತಿ ಒಂದೇ ದಿಕ್ಕಿಗೆ ಹರಿಯುತ್ತದೆ, ತಿರುಗಿಸಿ ಕಟ್ಟಿದರೆ ಒಂದೂ ಹತ್ತುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಹತ್ತು ದಿನ ಒಂದೇ ಆಟ ಆಡಿಸುವುದಾದರೆ ಪೆಂಡಾಲಿನಲ್ಲಿ ಕಂಪ್ಯೂಟರ್ ಬೇಡ ಎಂಬುದೇ ನನ್ನ ಅಭಿಪ್ರಾಯ. ಎಸ್‌ಡಿ ಕಾರ್ಡ್ ಹಾಕುವ ಕಂಟ್ರೋಲರ್ ತನ್ನಿ. ಮನೆಯಲ್ಲೇ ಪ್ರೋಗ್ರಾಂ ಮಾಡಿ, ಕಾರ್ಡನ್ನು ಫ್ಯಾಟ್32 ಫಾರ್ಮ್ಯಾಟ್ ಮಾಡಿ ತುಂಬಿಸಿ, ಇನ್ನೊಂದು ಕಾರ್ಡಿನಲ್ಲಿ ನಕಲು ಇಟ್ಟುಕೊಳ್ಳಿ. ಸಾಫ್ಟ್‌ವೇರಿನಲ್ಲಿ ಆರಿಸಿದ ಚಿಪ್ಪಿನ ಹೆಸರು ಲೈಟಿನ ಚಿಪ್ಪಿಗೆ ಹೊಂದಬೇಕು, ಅದೊಂದು ಮರೆಯಬೇಡಿ.

ಯುದ್ಧಕಾಲೇ ಶಸ್ತ್ರಾಭ್ಯಾಸ ಮಾಡಬೇಡಿ. ಗಣಪ ಬರುವ ಹಿಂದಿನ ದಿನ, ಹಗಲು ಹೊತ್ತಿನಲ್ಲಿ, ಪೂರ್ತಿ ಆಟವನ್ನು ಒಮ್ಮೆ ಓಡಿಸಿ ನೋಡಿ. ಜನರೇಟರಿಗೆ ಬದಲಿಸಿಯೂ ನೋಡಿ.

ಭಾದ್ರಪದದಲ್ಲಿ ಮಳೆ ಹೇಳಿ ಕೇಳಿ ಬರುವುದಿಲ್ಲ. ಎಸ್‌ಎಂಪಿಎಸ್ ಒಳಗೆ ಬರುವುದು 230 ವೋಲ್ಟ್. ಅದನ್ನು ನೆಲದ ಮೇಲೆ ಇಡಬೇಡಿ, ಕಬ್ಬಿಣದ ಕಂಬಕ್ಕೆ ಕಟ್ಟಬೇಡಿ, ಅರ್ಥಿಂಗ್ ಇಲ್ಲದೆ ಹಚ್ಚಬೇಡಿ. ಕರೆಂಟ್ ಕಂಬಕ್ಕೆ ಕೊಕ್ಕೆ ಹಾಕುವ ಯೋಚನೆಯೇ ಬೇಡ. ಹೆಸ್ಕಾಂನಿಂದ ತಾತ್ಕಾಲಿಕ ಕನೆಕ್ಷನ್ ಪಡೆಯಿರಿ, ಕರೆಂಟು ಸೋರಿದರೆ ತಾನೇ ಕಡಿಯುವಂತೆ ಲೈಸೆನ್ಸ್ ಇರುವ ವೈರ್‌ಮನ್‌ನಿಂದ ಆರ್‌ಸಿಸಿಬಿ ಹಾಕಿಸಿ. ಲೈಟು ಒಂದು ರಾತ್ರಿ ಹತ್ತದಿದ್ದರೂ ಗಣಪ ಬೇಸರ ಮಾಡಿಕೊಳ್ಳುವುದಿಲ್ಲ. ಪ್ರಸಾದಕ್ಕೆಂದು ಬಂದ ಮಕ್ಕಳ ಕೈಗೆ ಆ ವೈರು ಸಿಗದ ಹಾಗೆ ಇವತ್ತೇ ಹಗ್ಗ ಕಟ್ಟಿಬಿಡಿ.