ಕೊನೆಯ ಡೈವ್‌ನಿಂದ ಹಿಂದಕ್ಕೆ ಎಣಿಸಿ

ತಿಮೋರ್-ಲೆಸ್ಟೆಯ ಹವಳದ ದಿಬ್ಬಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಮತ್ತು ನನ್ನ ಗಂಡ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಓಪನ್ ವಾಟರ್ ಕೋರ್ಸ್ ಮುಗಿಸಿದ್ದೇವೆ. ಇದುವರೆಗೆ ಒಂಬತ್ತು ಡೈವ್ ಆಗಿವೆ. ಮಾಲ್ಡೀವ್ಸ್, ಬಾಲಿ ಎಂದರೆ ನಮ್ಮ ಬಳಗದಲ್ಲಿ ಎಲ್ಲರೂ ಹೋಗಿಬಂದ ಜಾಗ. ಹೆಚ್ಚು ಜನ ಹೋಗದ ತಿಮೋರ್‌ಗೆ ಹೋಗುವ ಆಸೆ. ಅಲ್ಲಿ ನಿಜಕ್ಕೂ ಏನಿದೆ? ನಮ್ಮಂಥ ಹೊಸಬರು ಹೋಗಬಹುದೇ?
— ದಂಪತಿ, ಮಣಿಪಾಲ

ಉತ್ತರ: ರಾಜಧಾನಿ ದಿಲಿಯ ದಂಡೆಯಲ್ಲಿ ನಿಂತರೆ ಎದುರಿಗೇ ಅಟೌರೊ ದ್ವೀಪ ಕಾಣುತ್ತದೆ. 2016ರಲ್ಲಿ ಕನ್ಸರ್ವೇಶನ್ ಇಂಟರ್‌ನ್ಯಾಷನಲ್ ಸಂಸ್ಥೆಯ ವಿಜ್ಞಾನಿಗಳು ಆ ದ್ವೀಪದ ಸುತ್ತ ಹತ್ತು ಕಡೆ ಮುಳುಗಿ ಮೀನಿನ ಜಾತಿಗಳನ್ನು ಎಣಿಸಿದರು. ಒಂದೊಂದು ಜಾಗದಲ್ಲಿ ಸರಾಸರಿ 253 ಜಾತಿ ಸಿಕ್ಕವು, ಒಂದು ಕಡೆಯಂತೂ 314. ಒಂದೇ ಜಾಗದಲ್ಲಿ ಅಷ್ಟು ಬಗೆಯ ಮೀನು ಸಿಗುವುದು ಜಗತ್ತಿನಲ್ಲೇ ಅಪರೂಪ. ದಿಲಿಗೂ ಅಟೌರೊಗೂ ನಡುವಿನ ಕಡಲು ಮೂರು ಸಾವಿರ ಮೀಟರಿಗೂ ಮಿಕ್ಕಿ ಆಳ. ಶಾಂತ ಸಾಗರದ ನೀರು ಹಿಂದೂ ಮಹಾಸಾಗರಕ್ಕೆ ಹರಿದುಬರುವ ದಾರಿಗಳಲ್ಲಿ ಇದೂ ಒಂದು. ಆ ಹರಿವೇ ಹವಳಕ್ಕೂ ಮೀನಿಗೂ ಆಹಾರ ತರುತ್ತದೆ. ಅಕ್ಟೋಬರ್–ನವೆಂಬರಿನಲ್ಲಿ ನೀಲಿ ತಿಮಿಂಗಿಲಗಳೂ ಇದೇ ದಾರಿಯಲ್ಲಿ ಸಾಗುತ್ತವೆ.

ಆದರೆ ಮೀನನ್ನು ಸಾಕುವ ಆ ಹರಿವೇ ಹೊಸ ಡೈವರನ್ನು ಎಳೆದುಕೊಂಡೂ ಹೋಗಬಲ್ಲದು. ಅಟೌರೊದ ದಿಬ್ಬಗಳು ಹಲವೆಡೆ ಗೋಡೆಯ ಹಾಗೆ ನೇರ ಕೆಳಗಿಳಿಯುತ್ತವೆ, ಕಾಲ ಕೆಳಗೆ ತಳ ಕಾಣುವುದಿಲ್ಲ. ನಿಮ್ಮ ಸರ್ಟಿಫಿಕೇಟಿನ ಮಿತಿ 18 ಮೀಟರ್. ಮೈ ಮರೆತರೆ ಅದನ್ನು ದಾಟಿದ್ದು ಗೊತ್ತೇ ಆಗುವುದಿಲ್ಲ. ನೀರಿನಲ್ಲಿ ಏಳದೆ ಇಳಿಯದೆ ಒಂದೇ ಮಟ್ಟದಲ್ಲಿ ನಿಲ್ಲುವ ಹಿಡಿತ ಒಂಬತ್ತು ಡೈವ್‌ಗೆ ಯಾರಿಗೂ ಬಂದಿರುವುದಿಲ್ಲ.

ನನ್ನ ಮಾತು ಕೇಳುವುದಾದರೆ ಒಂದು ಋತು ತಡೆಯಿರಿ. ಅಂಡಮಾನಿಗೆ ಹೋಗಿ ಇನ್ನೊಂದು ಹದಿನೈದು ಡೈವ್ ಮಾಡಿ, ಆಮೇಲೆ ಹೊರಡಿ. ತಡೆಯಲಾರೆವು ಎಂದಾದರೆ ದಿಲಿಯ ದಂಡೆಯಿಂದಲೇ ನಡೆದು ಇಳಿಯುವ ಜಾಗಗಳಲ್ಲಿ ಮಾತ್ರ ಮುಳುಗಿ. ಅದೇನೂ ಕಡಿಮೆಯದಲ್ಲ. ನಗರದ ಪಶ್ಚಿಮ ಅಂಚಿನ ತಾಸಿ ತೊಲುವಿನಲ್ಲಿ ಇಳಿದರೆ ಮೊದಲು ಕಾಣುವುದು ಬರೀ ಬೂದು ಮರಳು. ಐದು ನಿಮಿಷ ಅಲುಗಾಡದೆ ನೋಡಿ. ಕೊಳೆತ ಎಲೆ ಅಂದುಕೊಂಡದ್ದು ಕಣ್ಣು ಹೊರಳಿಸುತ್ತದೆ. ನಾನು ಅಲ್ಲಿ ಹೆಬ್ಬೆರಳಿನ ಉಗುರಿನಷ್ಟಿದ್ದ ಒಂದು ಕಪ್ಪೆಮೀನನ್ನು ಇಡೀ ಡೈವ್ ನೋಡುತ್ತ ಕಳೆದೆ. ಅದು ಈಜಲಿಲ್ಲ, ಮುಂದಿನ ರೆಕ್ಕೆಗಳನ್ನು ಕಾಲಿನಂತೆ ಊರಿಕೊಂಡು ಮರಳ ಮೇಲೆ ಎರಡು ಹೆಜ್ಜೆ ನಡೆಯಿತು.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ಹೇಗೆ ಹೋಗುವುದು? ಕಾರ್ಡ್ ನಡೆಯುತ್ತದೆಯೇ?
— ಓದುಗ, ಬೆಂಗಳೂರು

ಉತ್ತರ: ಮೇನಿಂದ ನವೆಂಬರ್‌ವರೆಗೆ ಅಲ್ಲಿ ಒಣ ಕಾಲ. ಮಳೆಗಾಲ ಡಿಸೆಂಬರಿಗೆ ಹಿಡಿಯುತ್ತದೆ, ಆಗ ಹೊಳೆಗಳು ಕೆಸರು ತಂದು ದಂಡೆಯ ನೀರು ಕಲಕಿಬಿಡುತ್ತವೆ. ನಮ್ಮಲ್ಲಿಂದ ನೇರ ವಿಮಾನವಿಲ್ಲ, ಬಾಲಿಯಲ್ಲಿ ಇಳಿದು ದಿಲಿಗೆ ಹೋಗುವುದು ರೂಢಿಯ ದಾರಿ. ಎರಡು ಟಿಕೆಟ್ ಬೇರೆ ಬೇರೆ ತೆಗೆದಿದ್ದರೆ ಬಾಲಿಯಲ್ಲಿ ಲಗೇಜು ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು, ಅದಕ್ಕೆ ಇಂಡೊನೇಷ್ಯಾದ ವೀಸಾವೂ ಬೇಕು. ತಿಮೋರ್ ವೀಸಾದ ನಿಯಮವನ್ನು ಟಿಕೆಟ್ ತೆಗೆಯುವ ಮೊದಲೇ ಅವರ ರಾಯಭಾರ ಕಚೇರಿಯಿಂದ ತಿಳಿದುಕೊಳ್ಳಿ. ಅಲ್ಲಿನ ಹಣ ಅಮೆರಿಕನ್ ಡಾಲರ್, ಚಿಲ್ಲರೆಗೆ ಅವರದೇ ಸೆಂಟಾವೊ ನಾಣ್ಯ. ದಿಲಿಯಲ್ಲಿ ಎಟಿಎಂ ಇದೆ. ಅಟೌರೊಗೆ ಮಾತ್ರ ಕೈಯಲ್ಲಿ ನೋಟು ಇಟ್ಟುಕೊಂಡೇ ದೋಣಿ ಹತ್ತಿ. ಹರಿಯದ, ಹೊಸ, ಸಣ್ಣ ಮೊತ್ತದ ನೋಟುಗಳಿರಲಿ.

ಪ್ರಶ್ನೆ: ಸರ್, ನನ್ನ ಮಗಳಿಗೆ 26 ವರ್ಷ. ಗೆಳತಿಯರ ಜೊತೆ ತಿಮೋರ್‌ಗೆ ಹೋಗಿ ಸಮುದ್ರದೊಳಗೆ ಇಳಿಯುತ್ತಾಳಂತೆ. ಬೇಡ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಅಲ್ಲಿ ಏನಾದರೂ ಆದರೆ ಯಾರಿದ್ದಾರೆ ಎಂದು ರಾತ್ರಿ ನಿದ್ದೆ ಬರುತ್ತಿಲ್ಲ. ಅವಳನ್ನು ಏನು ಕೇಳಬೇಕು ಅಂತ ಹೇಳಿಕೊಡಿ.
— ಒಬ್ಬ ತಾಯಿ, ದಾವಣಗೆರೆ

ಉತ್ತರ: ತಾಯಿ, ಇಷ್ಟು ಪತ್ರಗಳಲ್ಲಿ ಕೇಳಬೇಕಾದ್ದನ್ನು ಕೇಳಿದವರು ನೀವೊಬ್ಬರೇ.

ಆಳದಲ್ಲಿ ಒತ್ತಡ ಹೆಚ್ಚು. ಉಸಿರಿನ ಗಾಳಿಯಲ್ಲಿರುವ ಸಾರಜನಕ ಆ ಒತ್ತಡಕ್ಕೆ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನ ಮೂಲಕವೇ ಹೊರಗೆ ಹೋಗುತ್ತದೆ. ಧಾವಂತದಲ್ಲಿ ಬಂದರೆ ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವ ಹಾಗೆ ಮೈಯೊಳಗೆ ಗುಳ್ಳೆ ಏಳುತ್ತದೆ. ಕೀಲು ನೋಯುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ಬೆನ್ನುಹುರಿಗೆ ತಾಗಿದರೆ ನಡೆಯಲೂ ಆಗದು. ಆಗ ಮೊದಲು ಕೊಡಬೇಕಾದದ್ದು ಶುದ್ಧ ಆಮ್ಲಜನಕ. ಆಮೇಲೆ ರೋಗಿಯನ್ನು ಹೈಪರ್‌ಬಾರಿಕ್ ಚೇಂಬರ್ ಎಂಬ ಒತ್ತಡದ ಕೊಠಡಿಯಲ್ಲಿ ಮಲಗಿಸಬೇಕು. ತಿಮೋರ್‌ನ ಡೈವರ್‌ಗಳು ಇದಕ್ಕೆ ನೆಚ್ಚಿಕೊಳ್ಳುವುದು ಸುಮಾರು 700 ಕಿ.ಮೀ. ದೂರದ ಆಸ್ಟ್ರೇಲಿಯಾದ ಡಾರ್ವಿನ್ ಅಥವಾ ಬಾಲಿಯನ್ನು. ನಡುವೆ ಇರುವುದು ಕಡಲು.

ಅದಕ್ಕೇ ಎಲ್ಲರೂ ಹೋಗದ ದೇಶಕ್ಕೆ ಹೊರಡುವಾಗ ಯೋಜನೆ ಶುರುವಾಗಬೇಕಾದ್ದು ಆ ಚೇಂಬರ್‌ನಿಂದ. ಯಾವ ಹವಳ, ಯಾವ ಹೋಟೆಲು ಎಂಬುದೆಲ್ಲ ಆಮೇಲೆ. ಮಗಳನ್ನು ಕೂರಿಸಿಕೊಂಡು ಕೇಳಿ: ನಿನ್ನ ವಿಮೆಯಲ್ಲಿ ಸ್ಕೂಬಾ ಸೇರಿದೆಯಾ? ಮಾಮೂಲಿ ಪ್ರವಾಸ ವಿಮೆಗಳಲ್ಲಿ ಹೆಚ್ಚಿನವು ಅದನ್ನು ಸಾಹಸ ಕ್ರೀಡೆ ಎಂದು ಹೊರಗಿಡುತ್ತವೆ. ಎಷ್ಟು ಮೀಟರ್ ಆಳದವರೆಗೆ, ಚೇಂಬರ್ ಚಿಕಿತ್ಸೆಗೆ ಎಷ್ಟು, ವಿಮಾನದಲ್ಲಿ ಸಾಗಿಸುವ ಖರ್ಚು ಒಳಗೊಂಡಿದೆಯೇ ಎಂಬ ಮೂರನ್ನೂ ಪಾಲಿಸಿ ಕಾಗದದಲ್ಲೇ ಓದಿ ತೋರಿಸಲಿ. ಏಜೆಂಟರ ಬಾಯಿಮಾತು ಸಾಲದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆ 1980ರಿಂದ ಡೈವರ್‌ಗಳಿಗೆ ತುರ್ತು ನೆರವು ನೀಡುತ್ತಿದೆ. ಅವರ ತುರ್ತು ಸಂಖ್ಯೆ ಅವಳ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇರಲಿ.

ಇನ್ನೊಂದು ಮಾತು ಅನುಭವದಿಂದ ಹೇಳುತ್ತೇನೆ. ಬೇರೊಂದು ದೇಶದಲ್ಲಿ ದೋಣಿ ಹತ್ತಿದ ಮೇಲೆ ಆಮ್ಲಜನಕದ ಪೆಟ್ಟಿಗೆ ತೋರಿಸಿ ಎಂದೆ. ತೋರಿಸಿದರು. ಹಸಿರು ಪೆಟ್ಟಿಗೆ, ಹೊಸ ಮಾಸ್ಕ್, ಎಲ್ಲ ಚೆಂದ. ವಾಲ್ವ್ ತಿರುಗಿಸಿದರೆ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಸಿಲಿಂಡರ್ ಯಾವಾಗಲೋ ಖಾಲಿಯಾಗಿತ್ತು. ಆ ದಿನ ನಾನು ಇಳಿಯಲಿಲ್ಲ. ಮಗಳೂ ಸಂಕೋಚ ಬಿಟ್ಟು ವಾಲ್ವ್ ತಿರುಗಿಸಿ ನೋಡಲಿ. ಒಳ್ಳೆಯ ಡೈವ್ ಸೆಂಟರಿನವರು ಅದಕ್ಕೆ ಸಿಟ್ಟಾಗುವುದಿಲ್ಲ, ಅವರೇ ಕರೆದು ತೋರಿಸುತ್ತಾರೆ.

ದಿನಗಳನ್ನು ಕೊನೆಯಿಂದ ಹಿಂದಕ್ಕೆ ಎಣಿಸಲಿ. ಹಲವು ದಿನ ಮುಳುಗಿದವರು ಕೊನೆಯ ಡೈವ್ ಆದ ಮೇಲೆ ಕಡಿಮೆಯೆಂದರೆ 18 ಗಂಟೆ ವಿಮಾನ ಹತ್ತಬಾರದು. ನಾನು ಇಡೀ ಒಂದು ದಿನ ಬಿಡುತ್ತೇನೆ. ಉಳಿದ ಆ ದಿನಕ್ಕೆ ಅನೇಕರು ರಾಮೆಲಾವು ಬೆಟ್ಟ ಹತ್ತುವ ಯೋಚನೆ ಹಾಕುತ್ತಾರೆ. ಅದು 2,963 ಮೀಟರ್ ಎತ್ತರ. ಮೈಗೆ ಅದೂ ವಿಮಾನ ಹತ್ತಿದ ಹಾಗೆಯೇ. ಬೆಟ್ಟ ಹತ್ತುವುದಿದ್ದರೆ ಮೊದಲು ಹತ್ತಿ ಇಳಿಯಲಿ, ಆಮೇಲೆ ಕಡಲು. ಕೊನೆಯ ದಿನ ದಿಲಿಯಲ್ಲಿ ಮಾರುಕಟ್ಟೆ ಸುತ್ತಿ ಮೀನೂಟ ಮಾಡಿ ನಿಮಗೊಂದು ಫೋನ್ ಮಾಡಿದರೆ ಸಾಕು.

ಪ್ರಶ್ನೆ: ನಿವೃತ್ತ ಶಿಕ್ಷಕ, 61 ವರ್ಷ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ, ಚಿಕ್ಕಂದಿನಲ್ಲಿ ಉಬ್ಬಸ ಇತ್ತು. ಡೈವಿಂಗ್ ಕಲಿತು ಇಂಥ ಕಡೆ ಹೋಗಬಹುದೇ?
— ಹುಬ್ಬಳ್ಳಿ

ಉತ್ತರ: ಮೇಷ್ಟ್ರೇ, ವಯಸ್ಸು ಅಡ್ಡಿಯಲ್ಲ. ಉಬ್ಬಸದ ವಿಷಯ ಹಾಗಲ್ಲ. ಮೇಲೆ ಬರುವಾಗ ಶ್ವಾಸಕೋಶದಲ್ಲಿ ಗಾಳಿ ಎಲ್ಲಾದರೂ ಸಿಕ್ಕಿಕೊಂಡರೆ ಅದು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ಡೈವಿಂಗ್ ಬಲ್ಲ ವೈದ್ಯರಿಂದ ಉಸಿರಾಟದ ಮತ್ತು ಹೃದಯದ ಪರೀಕ್ಷೆ ಮಾಡಿಸಿಕೊಂಡು, ಬರವಣಿಗೆಯಲ್ಲಿ ಒಪ್ಪಿಗೆ ಪಡೆದು ಕಲಿಯಿರಿ. ಆರೋಗ್ಯದ ಫಾರಂನಲ್ಲಿ ಉಬ್ಬಸ ಮುಚ್ಚಿಡಬೇಡಿ. ಮೊದಲ ಡೈವ್‌ಗಳು ಆಸ್ಪತ್ರೆ ಹತ್ತಿರವಿರುವ ಕಡೆಯೇ ಆಗಲಿ, ತಿಮೋರ್‌ನಲ್ಲಿ ಬೇಡ.

ಪ್ರಶ್ನೆ: ನಮ್ಮ ಕಾಳಿ ನದಿಯಲ್ಲಿ ಮೊಸಳೆ ನೋಡಿಯೇ ಬೆಳೆದವನು ನಾನು. ತಿಮೋರ್‌ನಲ್ಲಿ ಸಮುದ್ರದಲ್ಲೇ ಮೊಸಳೆ ಇವೆಯಂತೆ, ಹೌದೇ?
— ಓದುಗ, ದಾಂಡೇಲಿ

ಉತ್ತರ: ಹೌದು, ಮತ್ತು ಅವು ನಿಮ್ಮ ಕಾಳಿಯ ಮೊಸಳೆಗಳಲ್ಲ. ಅಲ್ಲಿರುವುದು ಉಪ್ಪುನೀರಿನ ಮೊಸಳೆ, ಇನ್ನೂ ದೊಡ್ಡದು, ಹೆಚ್ಚು ಅಪಾಯದ್ದು. ಪ್ರತಿ ಬೆಳಿಗ್ಗೆ ಸ್ಥಳೀಯ ಗೈಡನ್ನು ಕೇಳದೆ ನೀರಿಗೆ ಇಳಿಯಬೇಡಿ. ಹೊಳೆ ಕಡಲು ಸೇರುವಲ್ಲಿ, ಕಾಂಡ್ಲಾ ಕಾಡಿನ ಬಳಿ, ಮುಸ್ಸಂಜೆಯಲ್ಲಿ ಕಾಲು ಕೂಡ ತೊಳೆಯಬೇಡಿ.

ಅಲ್ಲಿನ ಜನ ಮೊಸಳೆಯನ್ನು ಅಜ್ಜ ಎನ್ನುತ್ತಾರೆ. ಒಬ್ಬ ಹುಡುಗ ಉಳಿಸಿದ ಮೊಸಳೆಯೇ ಮುಂದೆ ಈ ದ್ವೀಪವಾಯಿತು ಎಂಬುದು ಅವರ ಕಥೆ. ಅಂಥದೇ ಗೌರವ ಕಡಲಿನ ಬಗ್ಗೆ ತಾರಾ ಬಂದು ಎಂಬ ಊರ ಕಟ್ಟಳೆಯಲ್ಲೂ ಇದೆ. ಇಂಥ ದಿಬ್ಬದಲ್ಲಿ ಇಷ್ಟು ಕಾಲ ಮೀನು ಹಿಡಿಯಕೂಡದು ಎಂದು ಊರೇ ಕೂಡಿ ತೀರ್ಮಾನಿಸುತ್ತದೆ, ಮುರಿದವರು ದಂಡ ತೆರುತ್ತಾರೆ. ಅಟೌರೊದ ಅದಾರ ಎಂಬ ಹಳ್ಳಿಯಲ್ಲಿ ಹೆಂಗಸರು ಮರದ ಚೌಕಟ್ಟಿನ ಕನ್ನಡಕ ಹಾಕಿ, ಉಸಿರು ಬಿಗಿಹಿಡಿದು, ಈಟಿಯಿಂದ ಮೀನು ಹೊಡೆದು ಮನೆ ನಡೆಸುತ್ತಾರೆ. ನಾವು ನೋಡಲು ಹೋಗುವ ಮೀನು ಅವರ ಅನ್ನ.

ಆದ್ದರಿಂದ ದಿಬ್ಬದ ಶುಲ್ಕ ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಹವಳ ಮುಟ್ಟಬೇಡಿ, ಚಿಪ್ಪು ತರಬೇಡಿ. ಊರಿನವರು ಇವತ್ತು ಇಲ್ಲಿ ಇಳಿಯಬೇಡಿ ಎಂದರೆ ಇಳಿಯಬೇಡಿ.